ಐದು ಮಂದಿಗೊಂದೇ ಅಂಚೆಪೆಟ್ಟಿಗೆ

ಕಳೆದ ತಿಂಗಳು ಡೊಂಬಿವಲಿಯ ವಾಚಕರೊಬ್ಬರು ನಮ್ಮ ಕಚೇರಿಗೆ ಬಂದರು. ಕುಳಿತುಕೊಳ್ಳಿರೆಂದರೂ ಕುಳಿತುಕೊಳ್ಳದೆ, ನಿಂತಲ್ಲಿಂದಲೇ ಕೇಳಿದರು: "ಸ್ವಾಮೀ, ನನ್ನ ತಂದೆಯವರ ಉತ್ತರಕ್ರಿಯೆಯ ಪ್ರಕಟಣೆಯನ್ನು ನಾಲ್ಕು ದಿನ ಮೊದಲೇ ಈಮೇಲ್ ಮಾಡಿದ್ದೆ. ನೀವು ಹಾಕಲಿಲ್ಲ. ತಂದೆಯವರೊಡನೆ ಒಂದೇ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದವರಿಗೂ ಸುದ್ದಿ ಮುಟ್ಟಲಿಲ್ಲ."

ನಾವು ಪೆಟ್ಟಿಗೆಯನ್ನು ತೆರೆದು ನೋಡಿ, "ಬಂದೇ ಇಲ್ಲವಲ್ಲ" ಎಂದೆವು. ಅವರು ತಮ್ಮ ಮೊಬೈಲನ್ನು ನಮ್ಮ ಮುಂದಿಟ್ಟರು. ಪತ್ರವು ಹೋಗಿದ್ದಿತು, ವಿಳಾಸದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನಮಗೆ ಮಾತು ಹೊರಡಲಿಲ್ಲ.

ನಮ್ಮ ಕಚೇರಿಯ ಈಮೇಲ್ ಪೆಟ್ಟಿಗೆಯು ಒಂದೇ. ಅದನ್ನು ತೆರೆಯುವವರು ಐದು ಮಂದಿ. ಇಂಥ ಏರ್ಪಾಡು ನಮಗೆ ಹೊಸದಲ್ಲ. 1998ರಲ್ಲಿ ನಾವು ಫೋರ್ಟಿನ ಹೋಟೆಲೊಂದರ ಗಲ್ಲಾದಲ್ಲಿ ಕುಳಿತಿದ್ದಾಗ, ಅಲ್ಲಿನ ಹದಿನಾರು ಹುಡುಗರಿಗೂ ಹೋಟೆಲಿನ ವಿಳಾಸವೇ ವಿಳಾಸ. ಊರಿನಿಂದ ಬಂದ ಇನ್‌ಲ್ಯಾಂಡ್ ಪತ್ರಗಳನ್ನು ಅಂಚೆಯವನು ಗಲ್ಲಾದ ಮೇಲಿಟ್ಟು ಹೋಗುತ್ತಿದ್ದನು. ಒಬ್ಬನು ತನ್ನ ಕೋಣೆಯವನ ಪತ್ರವನ್ನೂ ಜೇಬಿಗೆ ಹಾಕಿಕೊಂಡು ಮರೆತುಬಿಟ್ಟರೆ, ತಾಯಿಯ ಕಾಗದ ಬಂದಿಲ್ಲವೆಂದು ಇನ್ನೊಬ್ಬನು ವಾರಗಟ್ಟಲೆ ಕೊರಗುತ್ತಿದ್ದನು. ಅಂಚೆಯವನ ತಪ್ಪು ಅದರಲ್ಲಿ ಏನೂ ಇರುತ್ತಿರಲಿಲ್ಲ.

ಈ ನೆನಪೇ ನಮಗೆ ದಾರಿ ತೋರಿಸಿತು. ಈಮೇಲು ತಲುಪದಿದ್ದರೆ ಸಾಮಾನ್ಯವಾಗಿ ಕಳುಹಿಸಿದವರಿಗೆ 'ತಲುಪಲಿಲ್ಲ' ಎಂಬ ಮರುಪತ್ರವು ಹೋಗುತ್ತದೆ. ವಿಳಾಸ ತಪ್ಪಿದ್ದರೆ ಕೂಡಲೇ; ಎದುರಿನ ಯಂತ್ರವು ಕೆಟ್ಟಿದ್ದರೆ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸಿದ ಮೇಲೆ. ಡೊಂಬಿವಲಿಯವರಿಗೆ ಅಂಥದೇನೂ ಬಂದಿರಲಿಲ್ಲ. ಅಂದ ಮೇಲೆ ಪತ್ರವು ನಮ್ಮ ಬಾಗಿಲವರೆಗೆ ಬಂದಿರಲೇಬೇಕು. ಒಳಗೆ ಯಾರೋ ಎತ್ತಿಕೊಂಡಿರಬೇಕು. ಸ್ಪ್ಯಾಮಿನಲ್ಲಿ ಹುಡುಕಿದೆವು, ಅಳಿಸಿದ ಪತ್ರಗಳ ಬುಟ್ಟಿಯಲ್ಲಿ ಹುಡುಕಿದೆವು. (ಈ ಎರಡು ಕಡೆಗಳಲ್ಲಿ ಜಿಮೇಲು ಪತ್ರವನ್ನು ಇಟ್ಟುಕೊಳ್ಳುವುದು 30 ದಿನ ಮಾತ್ರ, ಆದುದರಿಂದ ಹುಡುಕುವುದಾದರೆ ಬೇಗ ಹುಡುಕಬೇಕು.) ಪತ್ರಗಳನ್ನು ತಾನಾಗಿ ಬೇರೆಡೆಗೆ ಸರಿಸುವ ನಿಯಮವನ್ನು ಯಾರಾದರೂ ಬರೆದಿಟ್ಟಿರುವರೋ ಎಂದೂ ನೋಡಿದೆವು. ಎಲ್ಲಿಯೂ ಇಲ್ಲ.

ಕಡೆಗೆ ಸಿಕ್ಕಿದ್ದು ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ. ಹಳೆಯ ಬಿಲ್ಲೊಂದನ್ನು ನೋಡಲು ನಮ್ಮ ಹುಡುಗನು ಒಂದು ಬೆಳಿಗ್ಗೆ ಅದನ್ನು ಚಾಲೂ ಮಾಡಿದ್ದನು. ಅದರಲ್ಲಿದ್ದ ಮೇಲ್ ಕಾರ್ಯಕ್ರಮವು ತಾನಾಗಿ ತೆರೆದುಕೊಂಡು, ಅಂದು ಬಂದಿದ್ದ ಹನ್ನೊಂದು ಪತ್ರಗಳನ್ನು ತನ್ನ ಹೊಟ್ಟೆಗೆ ಹಾಕಿಕೊಂಡು, ಮೂಲಪೆಟ್ಟಿಗೆಯಿಂದ ಅಳಿಸಿಬಿಟ್ಟಿತ್ತು. ಹಳೆಯ ಪತ್ರಗಳನ್ನು ದಿನದಿನವೂ ಬೇರೆ ಬೇರೆ ಕಡತಗಳಿಗೆ ಸರಿಸುವುದು ನಮ್ಮ ರೂಢಿಯಾದುದರಿಂದ, ಇನ್‌ಬಾಕ್ಸು ಬರಿದಾಗಿದ್ದುದು ಯಾರಿಗೂ ಸೋಜಿಗವೆನಿಸಲಿಲ್ಲ.

ಇದರ ಮರ್ಮವಿಷ್ಟೆ. ಪೆಟ್ಟಿಗೆಯಿಂದ ಪತ್ರ ತರುವುದಕ್ಕೆ ಎರಡು ಪದ್ಧತಿಗಳುಂಟು. 1984ರಲ್ಲಿ ಹುಟ್ಟಿದ 'ಪಾಪ್' ಎಂಬುದು ಅಂಚೆಕಚೇರಿಗೆ ಹೋಗಿ ಪತ್ರವನ್ನೇ ಮನೆಗೆ ತಂದಂತೆ. 'ಪ್ರತಿಯನ್ನು ಅಲ್ಲಿಯೇ ಬಿಡು' ಎಂದು ಹೇಳಿಡದಿದ್ದರೆ ಹಿಂದೆ ಬಂದವರಿಗೆ ಏನೂ ಉಳಿಯದು. ಒಬ್ಬನಿಗೆ ಒಂದೇ ಯಂತ್ರವಿದ್ದ ಕಾಲಕ್ಕೆ ಅದು ಸರಿಯಾಗಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು 1986ರಲ್ಲಿ ರೂಪಿಸಿದ 'ಐಮ್ಯಾಪ್' ಪದ್ಧತಿಯಲ್ಲಿ ಪತ್ರವು ಪೆಟ್ಟಿಗೆಯಲ್ಲಿಯೇ ಇರುತ್ತದೆ. ಎಲ್ಲರೂ ಅದನ್ನೇ ನೋಡುತ್ತಾರೆ. ಹಲವರು ಬಳಸುವ ಪೆಟ್ಟಿಗೆಗೆ ಇದೇ ತಕ್ಕುದು. ನಾಲ್ಕು ಯಂತ್ರಗಳು ಐಮ್ಯಾಪಿನಲ್ಲಿದ್ದು ಐದನೆಯದೊಂದು ಪಾಪಿನಲ್ಲಿದ್ದರೂ ಸಾಕು, ನಮಗಾದ ಗತಿಯೇ ಆಗುತ್ತದೆ.

ಐಮ್ಯಾಪಿಗೂ ತನ್ನದೇ ತೊಡಕುಂಟು. ಒಬ್ಬನು ಪತ್ರವನ್ನು ತೆರೆದನೆಂದರೆ ಎಲ್ಲರಿಗೂ ಅದು ಓದಿದ ಪತ್ರವಾಗಿಯೇ ಕಾಣುತ್ತದೆ. ಜಾಹೀರಾತಿನ ಗುಮಾಸ್ತನು ತೆರೆದು, "ಇದು ಸಂಪಾದಕರಿಗೆ" ಎಂದು ಮುಚ್ಚುತ್ತಾನೆ. ಸಂಪಾದಕರು "ಯಾರೋ ನೋಡಿದ್ದಾರೆ" ಎಂದು ಮುಂದೆ ಹೋಗುತ್ತಾರೆ. ಇಂಥ ಪತ್ರಗಳು ಎಷ್ಟು ಅನಾಥವಾದವೋ! ಒಬ್ಬನು ಅಳಿಸಿದರೆ ಎಲ್ಲರಿಗೂ ಅಳಿಯಿತೆಂಬುದನ್ನೂ ಮರೆಯಬಾರದು. ಇನ್ನು ಜಿಮೇಲಿನಲ್ಲಿ ಪುಕ್ಕಟೆಯಾಗಿ ದೊರೆಯುವ 15 ಜಿಬಿ ಜಾಗವು ಪತ್ರ, ಕಡತ, ಭಾವಚಿತ್ರ ಎಲ್ಲಕ್ಕೂ ಸೇರಿದ್ದು. ಮದುವೆಯ ಚಿತ್ರಗಳಿಂದ ಅದು ತುಂಬಿದರೆ ಹೊಸ ಪತ್ರ ಒಳಗೆ ಬಾರದು.

ಕೆಲವು ಹೋಟೆಲುಗಳಲ್ಲಿ ಮ್ಯಾನೇಜರು, ಸ್ಟೋರು, ಬುಕಿಂಗು ಎಂದು ಬೇರೆ ಬೇರೆ ವಿಳಾಸಗಳಿದ್ದರೂ, ಎಲ್ಲವೂ ಒಂದೇ ಪೆಟ್ಟಿಗೆಗೆ ಬಿದ್ದು, ಒಳಗಿನ ಹೆಸರನ್ನು ನೋಡಿ ಹಂಚುವ ಏರ್ಪಾಡುಂಟು. ಇದು ಲಕೋಟೆಯನ್ನು ಹರಿದೆಸೆದು ಒಳಗಿನ ಕಾಗದವನ್ನು ಮಾತ್ರ ರಾಶಿ ಹಾಕಿದಂತೆ. ಗುಪ್ತಪ್ರತಿಯಾಗಿ ಕಳುಹಿಸಿದ ಪತ್ರದ ಒಳಗೆ ಪಡೆಯುವವನ ಹೆಸರೇ ಇರುವುದಿಲ್ಲ. ಹಂಚುವ ಯಂತ್ರವಾದರೂ ಏನು ಮಾಡೀತು?

ನಾವೀಗ ಹಳೆಯ ಕಂಪ್ಯೂಟರಿನಿಂದ ಆ ಖಾತೆಯನ್ನು ತೆಗೆದುಹಾಕಿದ್ದೇವೆ. ಪಾಸ್‌ವರ್ಡನ್ನು ಬದಲಿಸಿ ಒಬ್ಬರ ಕೈಯಲ್ಲಿಟ್ಟು, ಉಳಿದವರು ತಮ್ಮ ತಮ್ಮ ಖಾತೆಯಿಂದಲೇ ನೋಡುವಂತೆ ಅಧಿಕಾರ ಕೊಟ್ಟಿದ್ದೇವೆ. ಸಾಮಾನ್ಯ ಜಿಮೇಲ್ ಖಾತೆಯಲ್ಲಿಯೂ ಹೀಗೆ 10 ಮಂದಿಗೆ ಕೊಡಬಹುದು. ಗಲ್ಲಾದ ಬೀಗದ ಕೈ ಐದು ಸೊಂಟಗಳಲ್ಲಿ ತೂಗುತ್ತಿದ್ದರೆ ಲೆಕ್ಕ ಕೇಳುವುದು ಯಾರನ್ನು? ಹೋಟೆಲಿನಲ್ಲಿ ಇಷ್ಟು ಕಲಿತಿದ್ದ ನಮಗೆ ಪತ್ರಿಕೆಯಲ್ಲಿ ಅದು ಹೊಳೆಯದೆ ಹೋದುದಕ್ಕೆ ನಾಚಿಕೆಯಾಗುತ್ತದೆ. ಪ್ರಕಟಣೆಯ ಪತ್ರಗಳಿಗೆ ಬೇರೆ ಗುರುತು ಹಾಕಿ, ಉತ್ತರ ಬರೆಯುವ ಹೊಣೆಯನ್ನು ಒಬ್ಬ ಗುಮಾಸ್ತನಿಗೇ ವಹಿಸಿದ್ದೇವೆ.

ಡೊಂಬಿವಲಿಯವರ ಕ್ಷಮೆ ಕೇಳಿ, ಅವರ ತಂದೆಯವರ ಭಾವಚಿತ್ರವನ್ನು ಮರುದಿನದ ಸಂಚಿಕೆಯಲ್ಲಿ ಅಚ್ಚು ಮಾಡಿದೆವು. ಅಂದೇ ಹಳೆಯ ಜೊತೆಗಾರರಿಬ್ಬರು ಫೋನು ಮಾಡಿ ಮನೆಯ ದಾರಿ ಕೇಳಿದರು. ಇನ್ನು ಮುಂದೆ ಪ್ರಕಟಣೆ ಕಳುಹಿಸಿದವರಿಗೆ ಮರುದಿನ ಸಂಜೆಯೊಳಗೆ 'ತಲುಪಿದೆ' ಎಂಬ ಉತ್ತರ ಬರುತ್ತದೆ. ಬಾರದಿದ್ದರೆ ಸಂಕೋಚಪಡದೆ ಕಚೇರಿಗೆ ಫೋನು ಮಾಡಬೇಕಾಗಿ ಕೋರುತ್ತೇವೆ.