ಬೆನ್ನ ಹಿಂದಿನ ಕಣ್ಣು

ಮನುಷ್ಯನಿಗೆ ಕಣ್ಣುಗಳಿರುವುದು ಮುಖದಲ್ಲಿ ಮಾತ್ರ. ನೆಲದ ಮೇಲೆ ನಡೆಯುವವನಿಗೆ ಇದೊಂದು ದೊಡ್ಡ ಕೊರತೆಯಲ್ಲ. ಆಕಾಶದಲ್ಲಿ ಹೋರಾಡುವವನಿಗೆ ಸಾವು ಬದುಕಿನ ಮಾತು. ಮೊದಲನೆಯ ಮಹಾಯುದ್ಧದ ವಿಮಾನಯೋಧರು ಕೊರಳಿಗೆ ರೇಷ್ಮೆಯ ವಸ್ತ್ರ ಸುತ್ತಿಕೊಳ್ಳುತ್ತಿದ್ದುದು ಬೆಡಗಿಗಲ್ಲ. ಕ್ಷಣಕ್ಷಣಕ್ಕೂ ಹಿಂದಿರುಗಿ ನೋಡುವಾಗ ಕೊರಳು ತರಚದಿರಲೆಂದು. ವೈರಿ ಬರುತ್ತಿದ್ದುದು ಹೆಚ್ಚಾಗಿ ಬೆನ್ನ ಕಡೆಯಿಂದ, ಇಲ್ಲವೆ ಸೂರ್ಯನ ಮರೆಯಿಂದ.

ಈ ಕೊರತೆಯನ್ನು ನೀಗುವ ದಾರಿಯ ಮೊದಲ ಹೆಜ್ಜೆ ಯುದ್ಧಭೂಮಿಯಲ್ಲಿ ಮೂಡಿದ್ದಲ್ಲ. 1800ರಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಒಂದೊಂದು ಬಣ್ಣದ ಬಿಸಿಯನ್ನೂ ಅಳೆದನು. ಕೆಂಪಿನಿಂದಾಚೆ, ಕಣ್ಣಿಗೆ ಏನೂ ಕಾಣದ ಎಡೆಯಲ್ಲಿ, ಉಷ್ಣಮಾಪಕ ಇನ್ನೂ ಹೆಚ್ಚಿನ ಬಿಸಿಯನ್ನು ತೋರಿಸಿತು. ಅದೇ ಅವಕೆಂಪು ಕಿರಣ. ವಸ್ತುಗಳೆಲ್ಲವೂ ತಮ್ಮ ಬಿಸಿಗೆ ತಕ್ಕಂತೆ ಇದನ್ನು ಹೊರಸೂಸುತ್ತಲೇ ಇರುತ್ತವೆ. ಹೀಗಾಗಿ ಇದನ್ನು ಗುರುತಿಸಬಲ್ಲ ಕಣ್ಣಿಗೆ ಇರುಳೆಂಬುದಿಲ್ಲ.

ಆಕಾಶಯುದ್ಧ ಈ ಕಿರಣವನ್ನು ಕೊಲ್ಲುವುದಕ್ಕೂ ಬಳಸಿಕೊಂಡಿತು. 1958ರ ಸೆಪ್ಟೆಂಬರಿನಲ್ಲಿ, ತೈವಾನ್ ಜಲಸಂಧಿಯ ಕಾಳಗದಲ್ಲಿ, ಸೈಡ್‌ವೈಂಡರ್ ಕ್ಷಿಪಣಿಗಳು ಶಾಖವನ್ನೇ ಅರಸಿಕೊಂಡು ಹೋಗಿ ಚೀನದ ಮಿಗ್ ವಿಮಾನಗಳನ್ನು ಉರುಳಿಸಿದವು. ರೇಡಾರ್ ಕತ್ತಲಲ್ಲಿ ಕೂಗು ಹಾಕಿ ಮಾರ್ದನಿಗೆ ಕಾಯುವವನಂತೆ; ತಾನಿರುವ ಎಡೆಯನ್ನು ತಾನೇ ಸಾರಿಬಿಡುತ್ತದೆ. ಶಾಖವನ್ನರಸುವ ಕ್ಷಿಪಣಿಯಾದರೋ ಸದ್ದಿಲ್ಲದೆ ಬರುತ್ತದೆ. ಆದರೆ ಅದರ ಬಾಲದಲ್ಲಿಯೂ ಬೆಂಕಿ ಉರಿಯುತ್ತಿರುತ್ತದೆಯಷ್ಟೆ! ಆ ಬೆಂಕಿಯನ್ನು ಕಾಣಬಲ್ಲ ಕಣ್ಣು ವಿಮಾನಕ್ಕೂ ಇರಬೇಕಾಯಿತು.

2023ರ ಏರೋ ಇಂಡಿಯಾ ಪ್ರದರ್ಶನಕ್ಕೆ ಯಲಹಂಕಕ್ಕೆ ಬಂದಿದ್ದ ಅಮೆರಿಕದ ಎಫ್-35 ವಿಮಾನದಲ್ಲಿ ಇಂತಹ ಕಣ್ಣುಗಳು ಆರು. ಮೈಯ ಬೇರೆ ಬೇರೆ ಎಡೆಗಳಲ್ಲಿ ಕುಳಿತ ಆರು ಅವಕೆಂಪು ಕ್ಯಾಮೆರಾಗಳ ನೋಟಗಳನ್ನು ಗಣಕಯಂತ್ರವು ಹೊಲಿದು ಒಂದು ಪೂರ್ಣಗೋಲವನ್ನಾಗಿ ಮಾಡುತ್ತದೆ. ಆ ಚಿತ್ರ ಚಾಲಕನ ಶಿರಸ್ತ್ರಾಣದ ಗಾಜಿನ ಮೇಲೆ ಮೂಡುತ್ತದೆ. ಅವನು ತಲೆ ತಗ್ಗಿಸಿ ತನ್ನ ಮೊಣಕಾಲುಗಳತ್ತ ನೋಡಿದರೆ ವಿಮಾನದ ತಳ ಇಲ್ಲವೆಂಬಂತೆ ಕೆಳಗಿನ ನೆಲ ಕಾಣುತ್ತದೆ. ಕ್ಷಿಪಣಿ ಎತ್ತಲಿಂದ ಹೊರಟರೂ ಎಚ್ಚರಿಕೆ ಬರುತ್ತದೆ. 2010ರಲ್ಲಿ, ಪ್ರಯೋಗಕ್ಕೆಂದು ಹಾರಿದ ಬೇರೊಂದು ವಿಮಾನದಿಂದ, ಈ ವ್ಯವಸ್ಥೆ ಸುಮಾರು 1300 ಕಿಲೋಮೀಟರಿಗೂ ದೂರದಲ್ಲಿದ್ದ ರಾಕೆಟ್ಟನ್ನು ಗುರುತಿಸಿ ಬೆನ್ನಟ್ಟಿ ನೋಡಿತು.

ಹಾಗೆಂದು ಇದು ದಿವ್ಯದೃಷ್ಟಿಯೇನೂ ಅಲ್ಲ. ದಟ್ಟವಾದ ಮೋಡ ಅವಕೆಂಪು ಕಿರಣವನ್ನು ನುಂಗುತ್ತದೆ. ದೂರದ ಬಿಸಿಯ ಚುಕ್ಕೆ ತನ್ನ ದಿಕ್ಕನ್ನು ತಿಳಿಸುತ್ತದೆ. ಅಂತರವನ್ನು ಅಷ್ಟು ಸುಲಭವಾಗಿ ತಿಳಿಸದು. ಆರಂಭದ ಪರೀಕ್ಷೆಗಳಲ್ಲಿ ಶಿರಸ್ತ್ರಾಣದ ಚಿತ್ರ ತಲೆಯ ಚಲನೆಗಿಂತ ಹಿಂದುಳಿಯುತ್ತಿತ್ತು, ನಡುಗುತ್ತಿತ್ತು, ಅದನ್ನು ತಿದ್ದಬೇಕಾಯಿತು. ನೆಲದ ಮೇಲಿನ ಬೆಂಕಿ ಯಾವುದು, ಬರುತ್ತಿರುವ ಕ್ಷಿಪಣಿ ಯಾವುದು ಎಂದು ಸೋಸಿ ಹೇಳುವುದೂ ಯಂತ್ರದ ಕೆಲಸವೇ.

ಇಲ್ಲಿ ನನಗೆ ಸಂಜಯನ ನೆನಪಾಗುತ್ತದೆ. ವ್ಯಾಸರಿಂದ ದೃಷ್ಟಿ ಪಡೆದ ಅವನು ಕುರುಕ್ಷೇತ್ರವನ್ನೆಲ್ಲ ಕಂಡು ಅರಸನಿಗೆ ಹೇಳಿದನು. ಧೃತರಾಷ್ಟ್ರನಿಗೆ ವರದಿಯ ಕೊರತೆ ಇರಲಿಲ್ಲ. ಕೇಳಿದ್ದನ್ನು ತೂಗಿ ನೋಡುವ ಮನಸ್ಸಿನ ಕೊರತೆಯಿತ್ತು. ಇಂದಿನ ಚಾಲಕನ ಬಳಿ ಯಾಂತ್ರಿಕ ಸಂಜಯನಿದ್ದಾನೆ. ಅವನು ತೋರಿಸಿದ ಚುಕ್ಕೆ ವೈರಿಯೋ, ಸ್ನೇಹಿತನೋ, ದಾರಿ ತಪ್ಪಿದ ಪ್ರಯಾಣಿಕರ ವಿಮಾನವೋ? ಬಿಸಿ ಎಲ್ಲಕ್ಕೂ ಇದೆ. ಗುಂಡಿಯ ಮೇಲೆ ಬೆರಳಿಡುವ ಮುನ್ನ ಅದನ್ನು ನಿರ್ಣಯಿಸುವ ಹೊಣೆ, ಆರು ಕಣ್ಣುಗಳ ನಡುವೆ ಕುಳಿತಿರುವ ಎರಡು ಕಣ್ಣಿನವನದೇ.