ಒಂದೇ ಸೀರಿಯಲ್, ಒಂದೇ ಸಿನಿಮಾ, ಎರಡು ಲೆಕ್ಕ: ರಾಧಿಕಾ ಪಂಡಿತ್ ಜರ್ನಿ

ಇವತ್ತು ರಾಧಿಕಾ ಪಂಡಿತ್ ಬಗ್ಗೆ ಮಾತಾಡೋಣ. ಗಾಸಿಪ್ ಬೇಕಿದ್ದವರು ಈಗಲೇ ಸ್ಕಿಪ್ ಮಾಡಬಹುದು, ಇಲ್ಲಿ ಬರೀ ಕೆಲಸದ ಲೆಕ್ಕ. ಅವರೂ ಮೌಂಟ್ ಕಾರ್ಮೆಲ್‌ನಲ್ಲಿ ಬಿಕಾಂ ಓದಿದವರು, ನಾನೂ ಬಿಕಾಂ. ಹಾಗಾಗಿ ಲೆಕ್ಕ ಹಾಕೋ ಹಕ್ಕು ನನಗಿದೆ ಅಂದ್ಕೊಳ್ಳಿ.

ಶುರುವಾಗಿದ್ದು 2007ರಲ್ಲಿ, ಟಿವಿಯಿಂದ. ಈಗಿನ ಕಲರ್ಸ್ ಕನ್ನಡ ಆಗ ಈಟಿವಿ ಕನ್ನಡ. ಅದರಲ್ಲಿ ಬರ್ತಿದ್ದ 'ನಂದಗೋಕುಲ' ಸೀರಿಯಲ್‌ನಲ್ಲಿ ರಾಧಿಕಾ ಇದ್ದರು. ಅದೇ ಸೀರಿಯಲ್‌ನಲ್ಲಿ ಇನ್ನೊಬ್ಬ ಹೊಸ ಹುಡುಗನೂ ಇದ್ದ. ಹೆಸರು ಯಶ್. ಈ ಹೆಸರನ್ನ ನೆನಪಿಟ್ಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಸೀರಿಯಲ್ ಅಂದ್ರೆ ಹೊಸಬರಿಗೆ ಸಂಬಳದ ಕೆಲಸ ಇದ್ದ ಹಾಗೆ. ಶೂಟಿಂಗ್‌ಗೆ ಹೋದ ದಿನದ ಲೆಕ್ಕದಲ್ಲಿ ದುಡ್ಡು ಬರುತ್ತೆ, ದಿನಾ ಸಂಜೆ ಮನೆಮನೆಯಲ್ಲಿ ಮುಖ ಕಾಣುತ್ತೆ. ಸಿನಿಮಾ ಹಾಗಲ್ಲ. ಶೂಟಿಂಗ್ ಮುಗಿಸಿ ಕೂತರೂ ರಿಲೀಸ್ ಆಗೋವರೆಗೆ ನೀವು ಯಾರೂ ಅಲ್ಲ. ರಾಧಿಕಾಗೆ ಇದು ನಿಜವಾಗಿಯೂ ಆಯ್ತು. ಅವರು ಮೊದಲು ಕ್ಯಾಮೆರಾ ಎದುರು ನಿಂತ ಸಿನಿಮಾ '18ನೇ ಕ್ರಾಸ್'. ಅದು ಥಿಯೇಟರ್‌ಗೆ ಬಂದಿದ್ದು 2012ರಲ್ಲಿ! ಅದನ್ನೇ ನಂಬ್ಕೊಂಡು ಕೂತಿದ್ದರೆ ಕಥೆ ಏನಾಗ್ತಿತ್ತು, ಯೋಚಿಸಿ.

ಪುಣ್ಯಕ್ಕೆ 2008ರಲ್ಲಿ ಶಶಾಂಕ್ ಅವರ 'ಮೊಗ್ಗಿನ ಮನಸು' ಬಂತು. ಹೀರೋ ಫೈಟ್ ಮಾಡಿ, ಹೀರೋಯಿನ್ ಎರಡು ಹಾಡಿಗೆ ಬಂದು ಹೋಗೋ ಸಿನಿಮಾ ಅಲ್ಲ ಅದು. ನಾಲ್ಕು ಹುಡುಗಿಯರ ಕಥೆ. ಹುಡುಗರೇ ಅಲ್ಲಿ ಸೈಡ್‌ನಲ್ಲಿ. ಯಶ್ ಕೂಡ ಅದರಲ್ಲಿದ್ದರು. ಚಂಚಲಾ ಪಾತ್ರಕ್ಕೆ ರಾಧಿಕಾಗೆ ರಾಜ್ಯ ಪ್ರಶಸ್ತಿ, ಫಿಲ್ಮ್‌ಫೇರ್ ಎರಡೂ ಬಂತು. ಮರುವರ್ಷ 'ಲವ್ ಗುರು'ಗೆ ಮತ್ತೆ ಫಿಲ್ಮ್‌ಫೇರ್. 2010ರಲ್ಲಿ ಮತ್ತೆ ಶಶಾಂಕ್ ಜೊತೆ 'ಕೃಷ್ಣನ್ ಲವ್ ಸ್ಟೋರಿ'. ಟೈಟಲ್‌ನಲ್ಲಿ ಇರೋದು ಕೃಷ್ಣ, ಆದ್ರೆ ನನಗೆ ಇವತ್ತಿಗೂ ತಲೆಯಲ್ಲಿ ಉಳಿದಿರೋದು ಗೀತಾ.

ಇಲ್ಲಿಂದ ಮುಂದೆ ನಾನು ಗಮನಿಸಿದ ಒಂದು ವಿಷಯ ಹೇಳ್ತೀನಿ. ಬ್ಯಾಂಕ್‌ನಲ್ಲಿ ಲೋನ್ ತಗೊಳ್ಳೋವಾಗ ಶ್ಯೂರಿಟಿ ಕೇಳ್ತಾರಲ್ಲ? ಹೊಸ ಹೀರೋ ಲಾಂಚ್ ಆಗುವಾಗ, ಹೊಸ ನಿರ್ದೇಶಕ ಬರುವಾಗ, ಜನರಿಗೆ ಗೊತ್ತಿರೋ ನಾಯಕಿ ಒಂಥರಾ ಆ ಶ್ಯೂರಿಟಿ. 2012ರಲ್ಲಿ ಧ್ರುವ ಸರ್ಜಾ 'ಅದ್ದೂರಿ'ಯಿಂದ ಎಂಟ್ರಿ ಕೊಟ್ಟಾಗ ಪಕ್ಕದಲ್ಲಿ ನಿಂತಿದ್ದು ರಾಧಿಕಾ. 2014ರಲ್ಲಿ ಸಂತೋಷ್ ಆನಂದ್‌ರಾಮ್ ಮೊದಲ ಸಲ ನಿರ್ದೇಶನ ಮಾಡಿದ 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ'ಯಲ್ಲೂ ಅವರೇ. ಎರಡೂ ಹಿಟ್. ಲೋನ್ ತೀರಿದ ಮೇಲೆ ಶ್ಯೂರಿಟಿ ಹಾಕಿದವರನ್ನ ಯಾರು ನೆನಪಿಟ್ಕೊಳ್ತಾರೆ ಹೇಳಿ? ಹಿಟ್ ಆದ ಮೇಲೆ ಪೋಸ್ಟರ್‌ನಲ್ಲಿ ದೊಡ್ಡದಾಗೋದು ಹೀರೋ ಫೋಟೋನೇ.

ಪುನೀತ್ ಜೊತೆ 'ಹುಡುಗರು', 'ದೊಡ್ಮನೆ ಹುಡ್ಗ', ಶಿವಣ್ಣನ ಜೊತೆ 'ಕಡ್ಡಿಪುಡಿ', ಯೋಗರಾಜ್ ಭಟ್ಟರ 'ಡ್ರಾಮಾ'... ಲಿಸ್ಟ್ ಉದ್ದ ಇದೆ, ಪೂರ್ತಿ ಓದಲ್ಲ. 2016ರ ಡಿಸೆಂಬರ್‌ನಲ್ಲಿ ಯಶ್ ಜೊತೆ ಮದುವೆ ಆಯ್ತು.

ಈಗ ಆ ಎರಡನೇ ಲೆಕ್ಕಕ್ಕೆ ಬರೋಣ. ಇಬ್ಬರೂ ಒಂದೇ ಸೀರಿಯಲ್‌ನಿಂದ ಬಂದವರು, ಒಂದೇ 'ಮೊಗ್ಗಿನ ಮನಸು' ಇಬ್ಬರಿಗೂ ದಾರಿ ತೆರೆದಿದ್ದು. ಮೊದಲ ಕೆಲವು ವರ್ಷ ನೋಡಿದ್ರೆ ಪ್ರಶಸ್ತಿಯಲ್ಲಿ ರಾಧಿಕಾನೇ ಮುಂದೆ. ಆಮೇಲೆ 2018ರ ಡಿಸೆಂಬರ್ ಬಂತು. ತಿಂಗಳ ಶುರುವಿನಲ್ಲಿ ದಂಪತಿಗೆ ಮಗಳು ಹುಟ್ಟಿದಳು. ಅದೇ ತಿಂಗಳು 21ಕ್ಕೆ 'ಕೆಜಿಎಫ್' ರಿಲೀಸ್ ಆಯ್ತು. ಅಪ್ಪ ಆದವರ ಕರಿಯರ್ ದೇಶದ ತುಂಬಾ ಹರಡ್ತು. ಅಮ್ಮ ಆದವರದ್ದು 2019ರಲ್ಲಿ ಬಂದ 'ಆದಿಲಕ್ಷ್ಮಿ ಪುರಾಣ', ಅದಾದ ಮೇಲೆ ದೊಡ್ಡ ಗ್ಯಾಪ್. 'ಕೆಜಿಎಫ್ 2' 2022ರಲ್ಲಿ ಬಂದಾಗಲೂ ಆ ಗ್ಯಾಪ್ ಹಾಗೇ ಇತ್ತು.

ಬ್ರೇಕ್ ಯಾಕೆ ಅಂತ ನಾನು ಊಹೆ ಮಾಡಲ್ಲ, ಅದು ಅವರ ಮನೆ ವಿಷಯ, ಅವರ ಆಯ್ಕೆ. ನನ್ನ ತಕರಾರು ಇಂಡಸ್ಟ್ರಿ ಜೊತೆ, ಸ್ವಲ್ಪ ನಮ್ಮ ಜೊತೆನೂ. ಹೀರೋ ಮೂರು ವರ್ಷ ಸಿನಿಮಾ ಬಿಡದಿದ್ರೆ 'ಏನೋ ದೊಡ್ಡದು ಬರ್ತಿದೆ' ಅಂತೀವಿ. ಹೀರೋಯಿನ್ ಮೂರು ವರ್ಷ ಕಾಣದಿದ್ರೆ 'ಮುಗೀತು ಬಿಡಿ' ಅಂತೀವಿ. ವಾಪಸ್ ಬಂದ್ರೂ ಅಕ್ಕ, ಅತ್ತಿಗೆ ಪಾತ್ರ ಹಿಡ್ಕೊಂಡು ಕಾಯ್ತಿರ್ತಾರೆ. ಮದುವೆಯಾಗಿ ಮಗು ಇರೋ ಹೆಣ್ಣೇ ಕಥೆಯ ಮಧ್ಯೆ ನಿಲ್ಲೋ ಸ್ಕ್ರಿಪ್ಟ್ ಎಷ್ಟು ಬರೀತಿದ್ದೀವಿ? 2008ರಲ್ಲಿ ನಾಲ್ಕು ಹುಡುಗಿಯರನ್ನ ಇಟ್ಕೊಂಡು ಸಿನಿಮಾ ಗೆಲ್ಲಿಸಿದ ಊರು ಇದು ಕಣ್ರೀ.

'ಮೊಗ್ಗಿನ ಮನಸು' ನೋಡದೇ ಇರೋರು ಈ ವೀಕೆಂಡ್ ನೋಡಿ. ಆಮೇಲೆ ಚಂಚಲಾಗೆ ಈಗ ಮೂವತ್ತೈದು ದಾಟಿದೆ ಅಂದ್ಕೊಂಡು, ಅವಳ ಕಥೆ ಏನಿರಬಹುದು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಚೆನ್ನಾಗಿರೋದನ್ನ ಮುಂದಿನ ವಾರ ಪ್ಲೇ ಮಾಡ್ತೀನಿ.