ಮಳೆಗಾಲದ ಗುಳ್ಳೆಗೆ ಆಯುಸ್ಸು ಹೆಚ್ಚು

ಪ್ರಶ್ನೆ: ಮಳೆ ಹಿಡಿದರೆ ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಮಕ್ಕಳಿಗೆ ಸೋಪಿನ ಗುಳ್ಳೆಯೇ ಆಟ. ಡಿಸೆಂಬರಿನಲ್ಲಿ ಪಟ್ಟನೆ ಒಡೆಯುವ ಗುಳ್ಳೆ ಜುಲೈನಲ್ಲಿ ಅಷ್ಟು ಹೊತ್ತು ತೇಲುವುದೇಕೆ?

ಗುಳ್ಳೆಯ ಗೋಡೆಯೆಂದರೆ ತೆಳ್ಳನೆಯ ನೀರಿನ ಪೊರೆ. ಅದರ ಒಳಗೂ ಹೊರಗೂ ಸೋಪಿನ ಒಂದೊಂದು ಪದರ. ದಪ್ಪ ಹೆಚ್ಚೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಈ ನೀರು ಸ್ವಲ್ಪ ಕೆಳಕ್ಕೆ ಜಾರುತ್ತದೆ, ಸ್ವಲ್ಪ ಆವಿಯಾಗುತ್ತದೆ. ಹಾಗಾಗಿ ನೆತ್ತಿಯೇ ಮೊದಲು ಸವೆಯುವುದು. ಬಟ್ಟಲಿನ ಮೇಲೆ ಒಂದು ಗುಳ್ಳೆ ಕೂರಿಸಿ ದಿಟ್ಟಿಸಿ: ಬಣ್ಣದ ಪಟ್ಟೆಗಳು ಕೆಳಗಿಳಿದು, ನೆತ್ತಿ ಬಣ್ಣಗೆಟ್ಟು ಕಪ್ಪಗಾಯಿತೆಂದರೆ ಅದರ ಕತೆ ಮುಗಿದಂತೆ.

ಮಳೆಗಾಲದಲ್ಲಿ ಕಿಟಕಿಯ ಗ್ರಿಲ್‌ಗೆ ಹಾಕಿದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲವಲ್ಲ, ಗುಳ್ಳೆಯದೂ ಅದೇ ಪಾಡು. ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಪೊರೆಯ ನೀರು ಬೇಗ ಆರುವುದಿಲ್ಲ. ಬಟ್ಟೆಯ ಮಟ್ಟಿಗೆ ಶಾಪ, ಮಕ್ಕಳ ಮಟ್ಟಿಗೆ ವರ!

ಠಾಣೆಯ ತಲಾವ್ ಪಾಳಿಗೆ ಹೋದಾಗೆಲ್ಲ ಗುಳ್ಳೆಯ ಬಾಟಲಿ ಕೊಳ್ಳಲೇಬೇಕೆಂದಿಲ್ಲ. ಒಂದು ಲೋಟ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ಚಮಚ ಸಕ್ಕರೆ ಹಾಕಿ ನೊರೆಯೇಳದಂತೆ ಕಲಕಿ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಂಡು ಪೊರೆ ತೆಳುವಾಗುವುದನ್ನು ತಡಮಾಡುತ್ತದೆ (ನೆಲ ಒರೆಸದಿದ್ದರೆ ಇರುವೆಗಳಿಗೆ ಹಬ್ಬ). ಊದಲು ಸ್ಟ್ರಾ ಸಾಕು; ಪುಟ್ಟ ಮಕ್ಕಳು ಊದುವ ಬದಲು ಹೀರಿಬಿಡುತ್ತಾರೆ, ಅವರ ಕೈಗೆ ತಂತಿಯ ಬಳೆ ಕೊಡಿ. ಬೆರಳನ್ನು ಅದೇ ನೀರಿನಲ್ಲಿ ಅದ್ದಿ ಚುಚ್ಚಿದರೆ ಗುಳ್ಳೆ ಒಡೆಯುವುದೂ ಇಲ್ಲ.